ಟವರ್ ನನಗೆ ಕಾಣುತ್ತದೆ, ನನ್ನ ಫೋನಿಗೆ ಕಾಣುವುದಿಲ್ಲ

ಮನೆಯೊಳಗೆ ನೆಟ್‌ವರ್ಕ್ ಪೂರ್ತಿ ಇಲ್ಲದಿದ್ದರೆ ಅದು ಒಂದು ಲೆಕ್ಕ. ಇಲ್ಲ ಅಂತ ಗೊತ್ತಿರುತ್ತದೆ, ಬೇರೆ ದಾರಿ ನೋಡಿಕೊಳ್ಳುತ್ತೇವೆ. ಅರ್ಧಂಬರ್ಧ ಸಿಗುವುದೇ ದೊಡ್ಡ ಕಾಟ. ರಿಂಗ್ ಆಗುತ್ತದೆ, ಎತ್ತುತ್ತೇವೆ. ಆ ಕಡೆಯವರ ಮಾತು ನಮಗೆ ಕೇಳುತ್ತದೆ, ನಮ್ಮ ಮಾತು ಅವರಿಗೆ ಕೇಳುವುದಿಲ್ಲ. "ಹಲೋ, ಹಲೋ" ಅಂದು ಇಟ್ಟುಬಿಡುತ್ತಾರೆ. ಬ್ಯಾಂಕಿನ ಒಟಿಪಿ ಅವಧಿ ಮುಗಿದ ಮೇಲೆ ಬರುತ್ತದೆ. ಹೊರಗೆ ಕಾಲಿಟ್ಟ ತಕ್ಷಣ ಮಿಸ್ಡ್ ಕಾಲ್ ಮೆಸೇಜುಗಳು ಸಾಲಾಗಿ ಬೀಳುತ್ತವೆ. "ಮನೇಲೇ ಇದ್ದು ಫೋನ್ ಎತ್ತಲ್ವಲ್ಲ" ಅಂತ ನೆಂಟರು ಬೇಸರ ಮಾಡಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ಮನೆ ರಿಪೇರಿ ಮಾಡಿಸಿದ ಮೇಲೆ. ಹಳೆ ಕಿಟಕಿ ತೆಗೆಸಿ ಹೊಸದು ಹಾಕಿಸಿದ್ದೆವು. ಹಿಂದುಗಡೆ ಅಮ್ಮನಿಗೆ ಒಂದು ಕೋಣೆ ಕಟ್ಟಿಸಿದ್ದೆವು. ಟವರ್ ಇದ್ದ ಜಾಗದಲ್ಲೇ ಇತ್ತು. ಮಹಡಿ ಮೇಲೆ ನಿಂತರೆ ಬರಿಗಣ್ಣಿಗೆ ಕಾಣುತ್ತದೆ. ಅಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿರುತ್ತವೆ. ಮೆಟ್ಟಿಲು ಇಳಿಯುತ್ತಾ ಬಂದರೆ ಒಂದೊಂದೇ ಉದುರುತ್ತವೆ. ಅಮ್ಮನ ಕೋಣೆಗೆ ಹೋಗುವಷ್ಟರಲ್ಲಿ 'ನೋ ಸರ್ವಿಸ್'.

ಸಲಹೆಗಳಿಗೇನೂ ಬರ ಇರಲಿಲ್ಲ. ಫೋನ್ ಹಳೆಯದಾಯ್ತು, ಬದಲಿಸು ಅಂದರು. ಸಿಮ್ ಸವೆದಿದೆ, ಹೊಸದು ತಗೋ ಅಂದರು. ಹೊಸ ಸಿಮ್ ತಗೊಂಡೆ, ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ಫೋನಿನ ಹಿಂದೆ ಅಂಟಿಸುವ 'ಆಂಟೆನಾ ಸ್ಟಿಕ್ಕರ್' ಬರುತ್ತದೆ ಅಂತ ಒಬ್ಬರು ತೋರಿಸಿದರು. ಅದು ಬರೀ ಲೋಹದ ಗೆರೆ ಇರುವ ಅಂಟುಕಾಗದ, ಫೋನಿನ ಆಂಟೆನಾಗೂ ಅದಕ್ಕೂ ಸಂಪರ್ಕವೇ ಇರುವುದಿಲ್ಲ. ದುಡ್ಡು ದಂಡ. ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು ಮಾತ್ರ ಸ್ವಲ್ಪ ಕೆಲಸ ಮಾಡುತ್ತಿತ್ತು. ಫೋನ್ ಹಳೆ ಟವರನ್ನು ಬಿಟ್ಟು ಹೊಸದಾಗಿ ಹುಡುಕುತ್ತದೆ, ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಹಿಡಿಯುತ್ತದೆ. ಆದರೆ ಪಕ್ಕದ ಕೋಣೆಗೆ ಹೋದರೆ ಮತ್ತೆ ಅದೇ ಕಥೆ.

ಒಂದು ವಿಷಯ ಮಾತ್ರ ನನ್ನ ಗಮನಕ್ಕೆ ಬಂತು. ಮನೆಯಲ್ಲೇ ಇದ್ದ ದಿನ ಬ್ಯಾಟರಿ ಸಂಜೆಯೊಳಗೆ ಖಾಲಿ. ಹೊರಗೆ ಓಡಾಡಿದ ದಿನ ರಾತ್ರಿಯವರೆಗೂ ಬರುತ್ತಿತ್ತು. ಹೊರಗೆ ಹೋದಾಗಲೇ ಫೋನ್ ಬಳಕೆ ಜಾಸ್ತಿ, ಆದರೂ ಹೀಗೆ. ಕಾರಣ ಓದಿ ತಿಳಿದುಕೊಂಡೆ. ಫೋನಿಗೆ ಟವರ್ ಸರಿಯಾಗಿ ಕೇಳಿಸದಿದ್ದಾಗ ಅದು ತನ್ನ ಪ್ರಸಾರದ ಶಕ್ತಿ ಏರಿಸುತ್ತಾ ಹೋಗುತ್ತದೆ. 4ಜಿ ಫೋನಿಗೆ ಇರುವ ಮಿತಿ ಸುಮಾರು 0.2 ವ್ಯಾಟ್. ಟವರಿನ ಕಡೆ ಹತ್ತಾರು ವ್ಯಾಟ್ ಇರುತ್ತದೆ. ಅದಕ್ಕೇ ಅವರ ಮಾತು ನಮಗೆ ಕೇಳಿ, ನಮ್ಮ ಮಾತು ಅವರಿಗೆ ಕೇಳದೇ ಹೋಗುವುದು. ಸಿಗ್ನಲ್ ಬರುವುದು ಬೇರೆ, ನಮ್ಮಿಂದ ಹೋಗುವುದು ಬೇರೆ.

ಕಡ್ಡಿಗಳನ್ನು ನಂಬುವುದನ್ನು ನಾನು ಅಲ್ಲಿಗೆ ಬಿಟ್ಟೆ. ಎಷ್ಟು ಸಿಗ್ನಲ್ ಇದ್ದರೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಫೋನ್ ಮಾಡುವ ಕಂಪನಿ ತನಗೆ ತೋಚಿದಂತೆ ತೋರಿಸುತ್ತದೆ. ಒಂದೇ ಜಾಗದಲ್ಲಿ, ಒಂದೇ ಕಂಪನಿಯ ಸಿಮ್ ಇಟ್ಟುಕೊಂಡು ನನ್ನ ಫೋನಿನಲ್ಲಿ ಒಂದು ಕಡ್ಡಿ, ಮಗನ ಫೋನಿನಲ್ಲಿ ಮೂರು. ಕಾಲ್ ಮಾತ್ರ ಇಬ್ಬರದೂ ಕಟ್ ಆಗುತ್ತಿತ್ತು.

ನಿಜವಾದ ಅಳತೆ ಫೋನಿನ ಒಳಗೇ ಇದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್, ಅಲ್ಲಿ ಸಿಗ್ನಲ್ ಸ್ಟ್ರೆಂತ್. ಐಫೋನಿನಲ್ಲಿ *3001#12345#* ಅಂತ ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಡಿಬಿಎಂ ಅನ್ನುವ ಲೆಕ್ಕದಲ್ಲಿ ಒಂದು ಅಂಕೆ ಇರುತ್ತದೆ. ಮೈನಸ್ ಅಂಕೆ, ಹಾಗಾಗಿ ಮೊದಲು ಸ್ವಲ್ಪ ತಲೆ ತಿರುಗುತ್ತದೆ. -80 ಅಂದರೆ ಚೆನ್ನಾಗಿದೆ, -100 ಅಂದರೆ ಪರವಾಗಿಲ್ಲ, -110 ದಾಟಿತು ಅಂದರೆ ಕಷ್ಟ, -120 ಅಂದರೆ ಹೆಚ್ಚೂಕಮ್ಮಿ ಮುಗಿಯಿತು. ಇದು 4ಜಿ ಲೆಕ್ಕ. 2ಜಿಯಲ್ಲಿ ಅಳೆಯುವ ಕ್ರಮವೇ ಬೇರೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಇನ್ನೊಂದು ಮಾತು. ಈ ಅಂಕೆ ಸಾದಾ ಅಳತೆಪಟ್ಟಿಯಂತೆ ನಡೆಯುವುದಿಲ್ಲ. 3 ಕಡಿಮೆಯಾದರೆ ಶಕ್ತಿ ಅರ್ಧ. 10 ಕಡಿಮೆಯಾದರೆ ಹತ್ತನೇ ಒಂದು ಪಾಲು. 20 ಕಡಿಮೆಯಾದರೆ ನೂರನೇ ಒಂದು ಪಾಲು. -90 ಇದ್ದದ್ದು -110 ಆಯಿತು ಅಂದರೆ 'ಇಪ್ಪತ್ತು ತಾನೇ' ಅನ್ನಿಸುತ್ತದೆ. ನಿಜದಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೋಗಿರುತ್ತದೆ.

ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿಕೊಂಡು ಸುತ್ತಾಡಲು ಶುರು ಮಾಡಿದೆ. "ಏನೇ ಇದು, ಮನೆಯೊಳಗೆ ಸರ್ವೇ ಮಾಡ್ತಿದ್ದೀಯಾ?" ಅಂತ ಅಮ್ಮ ಕೇಳಿದರು. ಹೌದು, ಸರ್ವೇನೇ. ಮಾಡುವಾಗ ಕೆಲವು ಸಂಗತಿ ಗೊತ್ತಾದವು. ಅಂಕೆ ಕುಣಿಯುತ್ತಲೇ ಇರುತ್ತದೆ, ಒಂದು ಕಡೆ ಸ್ವಲ್ಪ ಹೊತ್ತು ಸುಮ್ನೆ ನಿಂತು ಕಾಯಬೇಕು. ಫೋನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಒಂದು ಅಂಕೆ, ಮೇಜಿನ ಮೇಲೆ ಇಟ್ಟರೆ ಇನ್ನೊಂದು. ನಮ್ಮ ಮೈಯಲ್ಲಿರುವುದು ಹೆಚ್ಚಿನಪಾಲು ನೀರು, ಅದು ರೇಡಿಯೋ ಅಲೆಯನ್ನು ಹೀರುತ್ತದೆ. ಒಂದು ಗೇಣು ಆಚೆ ಇಟ್ಟರೆ ನಾಲ್ಕೈದು ಅಂಕೆ ಬದಲಾಗುವುದೂ ಉಂಟು. ಗೋಡೆಗಳಿಗೆ ಬಡಿದು ವಾಪಸ್ ಬಂದ ಅಲೆಗಳು ಒಂದು ಕಡೆ ಕೂಡಿಕೊಳ್ಳುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಬಿಡುತ್ತವೆ.

ಮಹಡಿ ಮೇಲೆ -82. ಅಂಗಳದಲ್ಲಿ -88. ಹಾಲ್‌ನ ಕಿಟಕಿ ಪಕ್ಕ, ಗಾಜಿನಿಂದ ಒಂದು ಮೊಳ ಒಳಗೆ, -110. ಇಲ್ಲಿ ನಾನು ನಿಂತುಬಿಟ್ಟೆ. ಕಿಟಕಿ ಇರುವುದು ಟವರ್ ಇರುವ ದಿಕ್ಕಿಗೇ. ಕಿಟಕಿಯ ಹತ್ತಿರ ಸಿಗ್ನಲ್ ಚೆನ್ನಾಗಿರಬೇಕು ಅಲ್ವಾ? ಗಾಜನ್ನು ಸರಿಸಿ ಪೂರ್ತಿ ತೆರೆದೆ. -92. ಮುಚ್ಚಿದೆ, ಮತ್ತೆ -110. ತೆರೆದೆ, -92. ಹದಿನೆಂಟರ ವ್ಯತ್ಯಾಸ. ಈ ವ್ಯತ್ಯಾಸವನ್ನು ಡೆಸಿಬಲ್ ಲೆಕ್ಕದಲ್ಲಿ ಹೇಳುತ್ತಾರೆ, ಹದಿನೆಂಟು ಡೆಸಿಬಲ್ ಅಂದರೆ 60 ಪಟ್ಟಿಗೂ ಹೆಚ್ಚು. ಒಂದು ಗಾಜು ಅಷ್ಟನ್ನು ನುಂಗುತ್ತಿತ್ತು.

ಕಿಟಕಿ ಹಾಕಿದಾಗ ಕೊಟ್ಟ ಕಾಗದ ಹುಡುಕಿ ತೆಗೆದೆ. 'ಲೋ-ಇ' ಗಾಜು ಅಂತ ಬರೆದಿತ್ತು. ಬಿಸಿಲಿನ ಶಾಖ ಒಳಗೆ ಬರದಂತೆ, ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯುವ ಗಾಜು. ಅದರ ಮೇಲೆ ಬೆಳ್ಳಿಯ ಪೊರೆಯೋ ಲೋಹದ ಆಕ್ಸೈಡಿನ ಪೊರೆಯೋ ಇರುತ್ತದೆ. ಕಣ್ಣಿಗೆ ಕಾಣದಷ್ಟು ತೆಳು. ಬೆಳಕು ಸರಾಗವಾಗಿ ಬರುತ್ತದೆ, ಶಾಖ ವಾಪಸ್ ಹೋಗುತ್ತದೆ, ಶಾಖದ ಜೊತೆ ಮೊಬೈಲಿನ ಅಲೆಯೂ ವಾಪಸ್. ಇಂಥ ಗಾಜು 20ರಿಂದ 30 ಡೆಸಿಬಲ್ ತನಕ ತಡೆಯುವುದು ಮಾಮೂಲಿ. ನಮ್ಮ ಹಳೆಯ ಸಾದಾ ಗಾಜು ತಡೆಯುತ್ತಿದ್ದುದು ಹೆಚ್ಚೆಂದರೆ ಎರಡು-ಮೂರು ಡೆಸಿಬಲ್. ಲೋಹದಿಂದ ಸುತ್ತುವರಿದ ಜಾಗದೊಳಗೆ ವಿದ್ಯುತ್ತಿನ ಪ್ರಭಾವ ಬರುವುದಿಲ್ಲ ಅಂತ ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದರು. ಅಂಥ ಪಂಜರವನ್ನು ನಾವು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದೆವು. ಕರೆಂಟ್ ಬಿಲ್ ಕಡಿಮೆಯಾಗಿದ್ದಂತೂ ನಿಜ, ಅದಕ್ಕೆ ಗಾಜನ್ನು ಬೈಯಲು ಮನಸ್ಸಾಗಲಿಲ್ಲ.

ಅಮ್ಮನ ಕೋಣೆಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ -121. ಅದಕ್ಕೂ ಟವರಿಗೂ ನಡುವೆ ಕಬ್ಬಿಣದ ಸರಳು ಹಾಕಿದ ಎರಡು ಕಾಂಕ್ರೀಟ್ ಗೋಡೆ. ಸಾಲದ್ದಕ್ಕೆ ಗೋಡೆಯುದ್ದಕ್ಕೂ ಕನ್ನಡಿ ಬಾಗಿಲಿನ ವಾರ್ಡ್‌ರೋಬ್. ಕನ್ನಡಿಯ ಹಿಂದೆ ಇರುವುದೂ ಲೋಹದ ಲೇಪವೇ. ಮರ ಅಥವಾ ಜಿಪ್ಸಮ್ ಹಲಗೆಯ ಗೋಡೆ ಬರೀ ಒಂದೆರಡು ಡೆಸಿಬಲ್ ತಿನ್ನುತ್ತದೆ. ಇಟ್ಟಿಗೆ ಅದಕ್ಕಿಂತ ಜಾಸ್ತಿ. ಸರಳು ಹಾಕಿದ ದಪ್ಪ ಕಾಂಕ್ರೀಟ್ ಒಂದಕ್ಕೇ ಹತ್ತು-ಇಪ್ಪತ್ತು ಹೋಗಿಬಿಡುತ್ತದೆ. ವಾರ್ಡ್‌ರೋಬನ್ನು ಎದುರು ಗೋಡೆಗೆ ಸರಿಸಿದೆವು. -117 ಆಯಿತು. ಇಷ್ಟು ಹೊರೆ ಎಳೆದಿದ್ದಕ್ಕೆ ಬಂದದ್ದು ನಾಲ್ಕು. ಬೆನ್ನು ನೋವು ಬೇರೆ.

ಆಮೇಲೆ ಬ್ಯಾಂಡುಗಳ ವಿಷಯ. ಮೊಬೈಲ್ ಕಂಪನಿಗಳು ಬೇರೆ ಬೇರೆ ಆವರ್ತನದಲ್ಲಿ, ಅಂದರೆ ಬೇರೆ ಬೇರೆ ಬ್ಯಾಂಡಿನಲ್ಲಿ ಸೇವೆ ಕೊಡುತ್ತವೆ. 700, 800, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡುಗಳು ದೂರ ಹೋಗುತ್ತವೆ, ಗೋಡೆಯನ್ನೂ ಸ್ವಲ್ಪ ಚೆನ್ನಾಗಿ ದಾಟುತ್ತವೆ. 2300, 2600, 3500 ಮೇಲಿನವು. ಅವುಗಳಲ್ಲಿ ವೇಗ ಜಾಸ್ತಿ, ಗೋಡೆ ಕಂಡರೆ ಆಗುವುದಿಲ್ಲ. ನನ್ನ ಫೋನ್ ಒಳಗೆ ಬಂದ ಮೇಲೂ 5ಜಿಯ ಮೇಲಿನ ಬ್ಯಾಂಡಿಗೇ ಜೋತುಬೀಳುತ್ತಿತ್ತು. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 5ಜಿ ತೆಗೆದು 4ಜಿ ಅಂತ ಇಟ್ಟೆ. ಹಾಲ್‌ನಲ್ಲಿ ಕಾಲ್ ಕಟ್ ಆಗುವುದು ಗಣನೀಯವಾಗಿ ಕಡಿಮೆಯಾಯಿತು. ಖರ್ಚಿಲ್ಲದ ಉಪಾಯ, ಯಾರು ಬೇಕಾದರೂ ಮೊದಲು ಇದನ್ನೇ ಮಾಡಿ ನೋಡಬಹುದು. ಅಮ್ಮನ ಕೋಣೆಯಲ್ಲಿ ಮಾತ್ರ ಏನೂ ಉಪಯೋಗವಾಗಲಿಲ್ಲ.

ಕಂಪನಿ ಬದಲಿಸಿದರೆ ಹೇಗೆ? ತಂಗಿ ಬಂದಾಗ ಅವಳ ಫೋನ್ ತಗೊಂಡು ಮನೆಯೆಲ್ಲ ತಿರುಗಿದೆ. ಅವಳದು ಬೇರೆ ಕಂಪನಿ, ಅದರ ಟವರ್ ಇರುವುದು ಇನ್ನೊಂದು ದಿಕ್ಕಿಗೆ. ಅಡುಗೆಮನೆಯಲ್ಲಿ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಹಾಲ್‌ನಲ್ಲಿ ಕೆಟ್ಟದಾಗಿತ್ತು, ಅಮ್ಮನ ಕೋಣೆಯಲ್ಲಿ ಎರಡೂ ಒಂದೇ. ನಂಬರ್ ಪೋರ್ಟ್ ಮಾಡುವ ಯೋಚನೆ ಅಲ್ಲಿಗೆ ಬಿಟ್ಟೆ. ಪೋರ್ಟ್ ಮಾಡುವ ಮುಂಚೆ ಹೀಗೆ ಯಾರದಾದರೂ ಫೋನ್ ಇಟ್ಟುಕೊಂಡು ಕೋಣೆ ಕೋಣೆಯಲ್ಲಿ ನೋಡುವುದು ಒಳ್ಳೆಯದು. ಕಂಪನಿಯವರ ಕವರೇಜ್ ನಕ್ಷೆ ಬೀದಿಯ ಕಥೆ ಹೇಳುತ್ತದೆ, ಕೋಣೆಯದಲ್ಲ.

ಕಸ್ಟಮರ್ ಕೇರ್‌ಗೆ ಮೊದಲೂ ಫೋನ್ ಮಾಡಿದ್ದೆ. "ನಿಮ್ಮ ಏರಿಯಾದಲ್ಲಿ ಟವರ್ ಸರಿಯಾಗಿದೆ ಮೇಡಂ, ಫೋನ್ ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ" ಅಂದಿದ್ದರು. ಆ ಮಾತು ಕೇಳಲೂ ನಾನು ಅಂಗಳಕ್ಕೆ ಹೋಗಿ ನಿಂತಿದ್ದೆ, ಅದು ಬೇರೆ ಮಾತು. ನಕ್ಷೆ ಕೈಯಲ್ಲಿ ಇಟ್ಟುಕೊಂಡು ಮತ್ತೆ ಮಾಡಿದಾಗ ಮಾತಿನ ಧಾಟಿಯೇ ಬೇರೆಯಾಯಿತು. "ಮಹಡಿಯಲ್ಲಿ -82, ಕಿಟಕಿ ಮುಚ್ಚಿದಾಗ -110, ಹಿಂದಿನ ಕೋಣೆಯಲ್ಲಿ -121" ಅಂದ ಕೂಡಲೇ ಆ ಹುಡುಗಿ "ಒಂದ್ನಿಮಿಷ ಮೇಡಂ" ಅಂದು ತಾಂತ್ರಿಕ ವಿಭಾಗಕ್ಕೆ ದಾಟಿಸಿದಳು. ದೂರು ಕೊಡುವಾಗ 'ಸಿಗ್ನಲ್ ಇಲ್ಲ' ಅನ್ನುವುದಕ್ಕೂ ಅಂಕೆ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಕೆಲವು ದಿನದ ಮೇಲೆ ಒಬ್ಬ ಎಂಜಿನಿಯರ್ ಬಂದ. ಚಿಕ್ಕ ವಯಸ್ಸು, ನೇರ ಮಾತು. ಅಂಗಳದಲ್ಲಿ ನಿಂತು ತನ್ನ ಫೋನ್ ನೋಡಿದ. "ಹೊರಗೆ ಚೆನ್ನಾಗಿದೆ ಮೇಡಂ, ನಾವು ಇಲ್ಲಿಯವರೆಗೆ ತಂದು ಕೊಟ್ಟಿದ್ದೀವಿ. ಒಳಗಿಂದು ನಿಮ್ಮ ಗೋಡೆ, ನಿಮ್ಮ ಗಾಜು" ಅಂದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದು ನನ್ನ ಹಾಳೆಯಲ್ಲಿ ಬರೆದಿದ್ದನ್ನೇ.

ಬೂಸ್ಟರ್ ಹಾಕಿಸಬಹುದಾ ಅಂತ ಅವನನ್ನೇ ಕೇಳಿದೆ. ಮಹಡಿ ಮೇಲೆ ಒಂದು ಆಂಟೆನಾ, ಅಲ್ಲಿಂದ ಕೇಬಲ್, ನಡುವೆ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ, ಮನೆಯೊಳಗೆ ಇನ್ನೊಂದು ಆಂಟೆನಾ. ಕೇಳಲು ಸೊಗಸಾಗಿದೆ. ಅವನು ಕೈ ಅಡ್ಡ ಆಡಿಸಿದ. ಒಳಗಿನ ಆಂಟೆನಾ ಬಿಟ್ಟ ಸಿಗ್ನಲ್ ಹೊರಗಿನ ಆಂಟೆನಾಗೆ ಕೇಳಿಸಿದರೆ ಅದನ್ನೇ ಮತ್ತೆ ಹಿಗ್ಗಿಸುತ್ತದೆ, ಮತ್ತೆ ಮತ್ತೆ. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕೀ... ಅಂತ ಕಿರುಚುತ್ತದಲ್ಲ, ಅದೇ ಆಟ. ಇಲ್ಲಿ ಆ ಕಿರುಚಾಟ ನಮ್ಮ ಕಿವಿಗೆ ಬೀಳುವುದಿಲ್ಲ, ಟವರಿಗೆ ಬೀಳುತ್ತದೆ. ಸುತ್ತಮುತ್ತಲಿನವರ ಕಾಲ್‌ಗಳು ಕೆಡುತ್ತವೆ. "ಇಂಥ ಗದ್ದಲ ಹುಡುಕ್ಕೊಂಡು ಹೋದ್ರೆ ಯಾವುದೋ ಮನೆ ಮೇಲೆ ಅಗ್ಗದ ಬೂಸ್ಟರ್ ಸಿಗುತ್ತೆ ಮೇಡಂ" ಅಂದ. ಇದರ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ 2014ರಿಂದ, ಗೊತ್ತುಮಾಡಿದ ಗುಣಮಟ್ಟಕ್ಕೆ ಹೊಂದುವ ಬೂಸ್ಟರನ್ನಷ್ಟೇ ಮಾರಬೇಕು, ಕೊಂಡವರು ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಬೇಕು. ಭಾರತದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಅದು ಸರಿ ಅಂತಲ್ಲ. ಫೆಮ್ಟೋಸೆಲ್ ಅಂತ ಇನ್ನೊಂದಿದೆ, ಮನೆಯ ಬ್ರಾಡ್‌ಬ್ಯಾಂಡಿಗೆ ಸಿಕ್ಕಿಸುವ ಪುಟ್ಟ ಟವರ್. ಅದನ್ನು ಮೊಬೈಲ್ ಕಂಪನಿಯೇ ಕೊಡಬೇಕು, ನಮ್ಮ ಕಂಪನಿ ಮನೆಗಳಿಗೆ ಕೊಡುವುದಿಲ್ಲ. ಮುಗಿಯಿತು.

"ವೈ-ಫೈ ಕಾಲಿಂಗ್ ಆನ್ ಮಾಡಿದ್ದೀರಾ?" ಅಂತ ಕೊನೆಗೆ ಕೇಳಿದ. ವಾಟ್ಸ್ಆ್ಯಪ್ ಕಾಲ್ ಮಾಡುತ್ತೇನೆ ಅಂದೆ. ಅದಲ್ಲ ಇದು. ಆಪ್ ಬೇಡ, ಆ ಕಡೆಯವರಿಗೆ ಇಂಟರ್ನೆಟ್ ಇರಬೇಕಾಗಿಯೂ ಇಲ್ಲ. ನಮ್ಮ ಮಾಮೂಲಿ ನಂಬರಿಗೆ ಬರುವ ಮಾಮೂಲಿ ಕಾಲೇ ಟವರಿನ ಬದಲು ಮನೆಯ ವೈ-ಫೈ ಮೂಲಕ ಬರುತ್ತದೆ. ಐಫೋನಿಗೆ ಇದು 2014ರಲ್ಲೇ, ಐಒಎಸ್ 8ರ ಜೊತೆ ಬಂದಿತ್ತು. ಈಗಿನ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಎಷ್ಟೋ ಜನರ ಫೋನಿನಲ್ಲಿ ಸುಮ್ನೆ ಆಫ್ ಆಗಿ ಬಿದ್ದಿರುತ್ತದೆ.

ಆನ್ ಮಾಡಿದೆ. ಏನೂ ಆಗಲಿಲ್ಲ.

ಇಲ್ಲಿಂದ ಮುಂದಿನ ಭಾಗವೇ ನಿಜವಾದ ಕೆಲಸ. ಇದು ನಡೆಯಬೇಕಾದರೆ ಮೂರು ಕಡೆಯವರು ಒಪ್ಪಬೇಕು: ಫೋನಿನ ಆ ಮಾಡೆಲ್, ಮೊಬೈಲ್ ಕಂಪನಿ, ಮನೆಯ ರೂಟರ್. ಮೊದಲ ಎರಡು ಸರಿ ಇದ್ದವು. ನಮ್ಮ ರೂಟರ್ ಮೊಂಡು ಹಿಡಿದಿತ್ತು. ವೈ-ಫೈ ಕಾಲಿಂಗ್‌ನಲ್ಲಿ ಫೋನ್ ತನ್ನಿಂದ ಮೊಬೈಲ್ ಕಂಪನಿಯ ಗೇಟಿನವರೆಗೆ ಒಂದು ಗುಪ್ತ ಸುರಂಗ ಕೊರೆಯುತ್ತದೆ, ಐಪಿಸೆಕ್ ಅನ್ನುವ ವಿಧಾನದಲ್ಲಿ. ಅದಕ್ಕೆ ರೂಟರಿನಲ್ಲಿ ಯುಡಿಪಿ 500 ಮತ್ತು 4500 ಅನ್ನುವ ಎರಡು ಪೋರ್ಟ್, ಅಂದರೆ ಡೇಟಾ ಹೋಗಿಬರುವ ಬಾಗಿಲು, ತೆರೆದಿರಬೇಕು. ನಮ್ಮ ರೂಟರಿನ ಕಾವಲುಗಾರ ಫೈರ್‌ವಾಲ್ 'ಹೈ' ಮಟ್ಟದಲ್ಲಿತ್ತು, ಅದು ಎರಡನ್ನೂ ತಡೆಯುತ್ತಿತ್ತು. ರೂಟರಿನ ಪುಟಕ್ಕೆ ಹೋಗಿ ಫೈರ್‌ವಾಲನ್ನು 'ಮೀಡಿಯಂ' ಮಾಡಿ, 'ಐಪಿಸೆಕ್ ಪಾಸ್‌ಥ್ರೂ' ಅಂತ ಇದ್ದ ಚೌಕಕ್ಕೆ ಟಿಕ್ ಹಾಕಿದೆ. ರೂಟರ್ ರೀಸ್ಟಾರ್ಟ್ ಆಯಿತು. ಫೋನಿನ ಮೇಲ್ಗಡೆ ಕಂಪನಿಯ ಹೆಸರಿನ ಪಕ್ಕ ವೈ-ಫೈ ಗುರುತು ಬಂತು.

ಬಂತು, ಹೋಯಿತು. ಹಾಲ್‌ನಲ್ಲಿ ಕೂತರೆ ಫೋನ್ ಮತ್ತೆ ಟವರನ್ನೇ ಹಿಡಿದುಕೊಳ್ಳುತ್ತಿತ್ತು. -112 ಇದ್ದರೂ ಸರಿ, ಅದೇ ಬೇಕು ಅದಕ್ಕೆ. ವೈ-ಫೈ ಕಾಲಿಂಗ್ ಸೆಟ್ಟಿಂಗಿನ ಒಳಗೆ 'ಪ್ರಿಫರೆನ್ಸ್' ಅಂತ ಒಂದು ಇರುತ್ತದೆ, ಮೊಬೈಲ್ ನೆಟ್‌ವರ್ಕ್ ಮೊದಲೋ ವೈ-ಫೈ ಮೊದಲೋ ಅಂತ. ಅದನ್ನು ವೈ-ಫೈ ಮೊದಲು ಅಂತ ಮಾಡಿದ ಮೇಲೆ ನೆಟ್ಟಗಾಯಿತು. ಈ ಆಯ್ಕೆ ಎಲ್ಲ ಫೋನಿನಲ್ಲೂ ಕಾಣುವುದಿಲ್ಲ. ಮಗನ ಫೋನಿನಲ್ಲಿ ಇಲ್ಲ. ಅವನು ಮನೆಗೆ ಬಂದರೆ ಏರೋಪ್ಲೇನ್ ಮೋಡ್ ಹಾಕಿ ವೈ-ಫೈ ಮಾತ್ರ ಆನ್ ಮಾಡಿಕೊಳ್ಳುತ್ತಾನೆ. ಅಡ್ಡದಾರಿ, ಆದರೆ ನಡೆಯುತ್ತದೆ. ಟವರ್ ಹುಡುಕುವ ಕೆಲಸ ತಪ್ಪಿದ್ದರಿಂದ ಬ್ಯಾಟರಿಯೂ ಉಳಿಯಿತು. ಹೊರಗೆ ಹೋಗುವಾಗ ತೆಗೆಯಲು ಮರೆತು ಊರೆಲ್ಲ ಸುತ್ತಿ ಬರುತ್ತಾನೆ, ಅದು ಅವನ ಹಣೆಬರಹ.

ಮಾತಿಗೆ ಇಂಟರ್ನೆಟ್ ವೇಗ ಬಹಳ ಬೇಕು ಅಂತ ಕೆಲವರು ಅಂದುಕೊಂಡಿದ್ದಾರೆ. ಬೇಡ. ಒಂದು ಕಾಲ್‌ಗೆ ಸೆಕೆಂಡಿಗೆ 100 ಕಿಲೋಬಿಟ್ಟೂ ಹಿಡಿಯುವುದಿಲ್ಲ. ಬೇಕಾಗಿರುವುದು ತಡವಿಲ್ಲದೆ ಒಂದೇ ಸಮನಾಗಿ ಸಾಗುವ ದಾರಿ. ಇದು ನನಗೆ ತಿಳಿದದ್ದು, ಕೆಲವು ಸಂಜೆ ಮಾತು ತುಂಡು ತುಂಡಾಗಿ ಆ ಕಡೆಯವರಿಗೆ ಕೇಳುತ್ತಿದ್ದಾಗ. ವೇಗ ಅಳೆದರೆ ಚೆನ್ನಾಗೇ ಇತ್ತು. ಮಗ ತನ್ನ ಕೋಣೆಯಲ್ಲಿ ದೊಡ್ಡ ದೊಡ್ಡ ವಿಡಿಯೋ ಅಪ್‌ಲೋಡ್ ಮಾಡುತ್ತಿದ್ದ. ಹೊರಗೆ ಹೋಗುವ ದಾರಿಯೆಲ್ಲ ಅವನ ವಿಡಿಯೋ ತುಂಬಿಕೊಂಡಾಗ ನನ್ನ ಮಾತು ರೂಟರಿನಲ್ಲಿ ಸರದಿ ನಿಲ್ಲಬೇಕಿತ್ತು. ರೂಟರಿನಲ್ಲಿ ಕ್ಯೂಒಎಸ್ ಅಂತ ಒಂದು ಸೌಲಭ್ಯ ಇತ್ತು, ಯಾರಿಗೆ ಎಷ್ಟು ದಾರಿ ಅಂತ ಹಂಚುವುದು. ಅದರಲ್ಲಿ ಅವನ ಕಂಪ್ಯೂಟರಿನ ಅಪ್‌ಲೋಡಿಗೆ ಮಿತಿ ಹಾಕಿದೆ. "ಅಮ್ಮಾ, ಇದು ಅನ್ಯಾಯ" ಅಂದ. ಇರಬಹುದು. ಮಾತು ಮಾತ್ರ ಸ್ವಚ್ಛವಾಯಿತು.

ಅಮ್ಮನ ಕೋಣೆಗೆ ಬರೋಣ. ಅಲ್ಲಿ ವೈ-ಫೈ ಕೂಡ ಸತ್ತಿತ್ತು. ಸತ್ತೇ ಇರಬೇಕು ಅಲ್ವಾ, ಮೊಬೈಲ್ ಅಲೆಯನ್ನು ನುಂಗಿದ ಗೋಡೆ ವೈ-ಫೈ ಅಲೆಯನ್ನು ಬಿಟ್ಟೀತೇ? ವೈ-ಫೈಯ ಎರಡು ಬ್ಯಾಂಡಿನಲ್ಲಿ 5 ಗಿಗಾಹರ್ಟ್ಸ್ ಅಂತೂ ಮುಟ್ಟುತ್ತಲೇ ಇರಲಿಲ್ಲ, 2.4 ಅಲ್ಲಲ್ಲಿ ಇಣುಕುತ್ತಿತ್ತು. ಗೋಡೆಗೆ ಸಿಕ್ಕಿಸುವ ವೈ-ಫೈ ರಿಪೀಟರ್ ಒಂದನ್ನು ಗೆಳತಿಯಿಂದ ತಂದು ಹಾಕಿ ನೋಡಿದೆ. ಅದೂ ಗಾಳಿಯಲ್ಲೇ ರೂಟರಿನ ಮಾತು ಕೇಳಿಸಿಕೊಳ್ಳಬೇಕು. ಸರಿಯಾಗಿ ಕೇಳದ್ದನ್ನು ಅದು ಇನ್ನೊಬ್ಬರಿಗೆ ಹೇಳುವುದಾದರೂ ಏನು? ಕೊನೆಗೆ ರೂಟರಿನಿಂದ ಗೋಡೆಯ ಬುಡದಲ್ಲೇ ಒಂದು ಈಥರ್ನೆಟ್ ಕೇಬಲ್ ಎಳೆಸಿ, ಅಮ್ಮನ ಕೋಣೆಯ ಬಾಗಿಲ ಮೇಲೆ ಒಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈ-ಫೈ ಹರಡುವ ಪೆಟ್ಟಿಗೆ, ಕೂರಿಸಿದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಇಷ್ಟೆಲ್ಲ ಮಾಡಿದ್ದರಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಈ ಕೇಬಲ್. ಗಾಳಿಯಲ್ಲಿ ಹೋಗದ್ದನ್ನು ತಂತಿಯಲ್ಲಿ ಕಳಿಸಿದರೆ ಗೋಡೆಯ ಜೊತೆ ಜಗಳವೇ ಇಲ್ಲ.

ಆದರೆ ಅಮ್ಮನ ಫೋನ್ ಹಳೆಯದು. ಅದರಲ್ಲಿ ವೈ-ಫೈ ಕಾಲಿಂಗ್ ಇಲ್ಲ.

"ಹೊಸ ಫೋನ್ ತಂದುಕೊಡ್ತೀನಮ್ಮ" ಅಂದೆ.

"ಬೇಡ ಕಣೇ. ಇದರಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಾಗೋದಕ್ಕೇ ಎಷ್ಟು ಕಾಲ ಬೇಕಾಯ್ತು."

ಅವರ ಮಾತಿನಲ್ಲಿ ನ್ಯಾಯ ಇತ್ತು. ಆಗ ಸಿಕ್ಕಿದ ಉಪಾಯ ನನಗೆ ಬಹಳ ಹಿಡಿಸಿತು. ಬ್ಲೂಟೂತ್ ಇರುವ ಕಾರ್ಡ್‌ಲೆಸ್ ಫೋನುಗಳು ಬರುತ್ತವೆ. ಅದರ ಪೀಠವನ್ನು ಮೊಬೈಲಿಗೆ ಬ್ಲೂಟೂತಿನಲ್ಲಿ ಜೋಡಿಸಬಹುದು. ಮೊಬೈಲ್ ಸಿಗ್ನಲ್ ಇರುವ ಜಾಗದಲ್ಲಿ ಇರುತ್ತದೆ. ಕಾಲ್ ಬಂದರೆ ಕಾರ್ಡ್‌ಲೆಸ್ ರಿಂಗ್ ಆಗುತ್ತದೆ, ಅದರಲ್ಲೇ ಮಾತಾಡಬಹುದು, ಅದರಿಂದಲೇ ಡಯಲ್ ಮಾಡಬಹುದು. ಬ್ಲೂಟೂತಿನ ಅಳವು ಸುಮಾರು 10 ಮೀಟರ್, ಅದೂ ಗೋಡೆ ಇಲ್ಲದಿದ್ದರೆ. ಹಾಗಾಗಿ ಪೀಠ ಮತ್ತು ಮೊಬೈಲ್ ಎರಡನ್ನೂ ಪಕ್ಕಪಕ್ಕ ಇಡಬೇಕು. ಪೀಠದಿಂದ ರಿಸೀವರಿಗೆ ಹೋಗುವುದು ಕಾರ್ಡ್‌ಲೆಸ್ ಫೋನುಗಳು ಬಳಸುವ, 1.9 ಗಿಗಾಹರ್ಟ್ಸ್ ಆಸುಪಾಸಿನ ಡೆಕ್ಟ್ ಅಲೆ, ಅದು ಬ್ಲೂಟೂತಿಗಿಂತ ಎಷ್ಟೋ ದೂರ ಹೋಗುತ್ತದೆ. ಮೆಟ್ಟಿಲ ಮೇಲಿನ ಗೂಡಿನಲ್ಲಿ -95 ಸಿಗುತ್ತಿತ್ತು, ಅಲ್ಲೇ ಚಾರ್ಜರ್ ಸಮೇತ ಎರಡನ್ನೂ ಇಟ್ಟೆ. ರಿಸೀವರ್ ಅಮ್ಮನ ಹಾಸಿಗೆ ಪಕ್ಕ. ಎರಡು ಕಾಂಕ್ರೀಟ್ ಗೋಡೆ ದಾಟಿ ಡೆಕ್ಟ್ ಬರುತ್ತದೋ ಇಲ್ಲವೋ ಅಂತ ನನಗೆ ಅನುಮಾನ ಇತ್ತು. ಮೆಟ್ಟಿಲ ಕಡೆಯಿಂದ ಬಂದರೆ ನಡುವೆ ಬಾಗಿಲೇ ಜಾಸ್ತಿ, ಗೋಡೆ ಕಡಿಮೆ. ಹಾಗಾಗಿ ಬಂತು.

ಅಮ್ಮನಿಗೆ ಇದರಲ್ಲಿ ಸಿಗ್ನಲ್‌ಗಿಂತ ಹೆಚ್ಚು ಇಷ್ಟವಾದದ್ದು ಬಟನ್. "ಒತ್ತಿದ್ರೆ ಒತ್ತಿದ ಹಾಗೆ ಗೊತ್ತಾಗುತ್ತೆ ನೋಡು" ಅಂದರು. ಕಿವಿಗೆ ಹಿಡಿದರೆ ಕೆನ್ನೆ ತಾಗಿ ಕಾಲ್ ಕಟ್ ಆಗುವ ಗೋಳೂ ಇಲ್ಲ.

ಸರಿಹೋಗದೇ ಉಳಿದವೂ ಇವೆ. ಮಾತಾಡುತ್ತಾ ಮನೆಯಿಂದ ಹೊರಗೆ ನಡೆದರೆ ವೈ-ಫೈಯಿಂದ ಟವರಿಗೆ ಕಾಲ್ ತಾನಾಗಿ ದಾಟಬೇಕು. ಅದಕ್ಕೆ ವೋಲ್ಟಿ, ಅಂದರೆ 4ಜಿ ಮೇಲೆಯೇ ಮಾತಾಡುವ ಸೌಲಭ್ಯ, ಆನ್ ಇರಬೇಕು. ಆನ್ ಇದ್ದರೂ ಗೇಟಿನ ಹತ್ತಿರ ಒಮ್ಮೊಮ್ಮೆ ಕಟ್ ಆಗುತ್ತದೆ. ಫೋನ್ ವೈ-ಫೈಯ ಕೊನೆಯ ಎಳೆಯನ್ನು ಬಿಡಲು ಒಪ್ಪುವುದಿಲ್ಲ. ಒಟಿಪಿ ಮೆಸೇಜುಗಳು ಈಗ ಸಮಯಕ್ಕೆ ಬರುತ್ತವೆ. ನಮ್ಮ ಕಂಪನಿ ಎಸ್ಸೆಮ್ಮೆಸ್ಸನ್ನೂ ವೈ-ಫೈ ಮೇಲೆ ಕಳಿಸುತ್ತದೆ, ಎಲ್ಲ ಕಂಪನಿಯೂ ಹಾಗೆ ಮಾಡುವುದಿಲ್ಲ. ಕರೆಂಟ್ ಹೋದರೆ ರೂಟರ್ ಹೋಗುತ್ತದೆ, ಅದರ ಜೊತೆ ಕಾಲೂ ಹೋಗುತ್ತದೆ. ಅದಕ್ಕೆ ರೂಟರಿಗೊಂದು, ಆ್ಯಕ್ಸೆಸ್ ಪಾಯಿಂಟಿಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟೆ. ಅಂಗೈಯಗಲದ ಪೆಟ್ಟಿಗೆ, ಕೆಲವು ಗಂಟೆ ತಳ್ಳುತ್ತದೆ.

ತುರ್ತು ಕರೆಯ ವಿಷಯ ಮನೆಯವರೆಲ್ಲ ತಿಳಿದಿರಲಿ ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಟವರ್ ಮೂಲಕ ಕರೆದರೆ ನಾವು ಎಲ್ಲಿದ್ದೇವೆ ಅನ್ನುವ ಅಂದಾಜು ಅವರಿಗೆ ಸಿಗುತ್ತದೆ. ವೈ-ಫೈ ಮೂಲಕ ಹೋದರೆ ಸಿಗದೇ ಇರಬಹುದು. ಕೆಲವು ದೇಶಗಳಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡುವಾಗಲೇ ವಿಳಾಸ ತುಂಬಿಸಿಕೊಳ್ಳುತ್ತಾರೆ. ಏನೇ ಇರಲಿ, ಕರೆದ ತಕ್ಷಣ ಬಾಯಲ್ಲಿ ವಿಳಾಸ ಹೇಳಿ, ಆಗುವ ಹಾಗಿದ್ದರೆ ಅಂಗಳಕ್ಕೆ ಬಂದು ಮಾಡಿ ಅಂತ ಬರೆದಿದ್ದೇನೆ.

ಈಗ ಅಡುಗೆಮನೆಯ ಕಿಟಕಿ ಬದಲಿಸುವ ಸರದಿ. ಲೋಹದ ಪೊರೆಯನ್ನು ಲೇಸರಿನಿಂದ ಸಣ್ಣ ಸಣ್ಣ ಗೆರೆ ಕೊರೆದು ಮೊಬೈಲ್ ಅಲೆಗೆ ದಾರಿ ಬಿಡುವ ಗಾಜುಗಳೂ ಬಂದಿವೆ, ಯುರೋಪಿನ ಕೆಲವು ರೈಲುಗಳಲ್ಲಿ ಹಾಕಿದ್ದಾರೆ. ಗಾಜಿನವರನ್ನು ಕೇಳಿದರೆ ಶಾಖದ ಅಂಕಿಅಂಶ ಎಲ್ಲ ಬಾಯಿಪಾಠ, ಸಿಗ್ನಲ್ ವಿಷಯ ಯಾರೂ ಕೇಳಿಲ್ಲ ಅಂದರು. "ಸ್ಯಾಂಪಲ್ ಕೊಡ್ತೀನಿ, ನೀವೇ ಫೋನ್ ಮುಂದೆ ಇಟ್ಟು ನೋಡಿ ಮೇಡಂ" ಅಂತ ಅಂಗೈಯಗಲದ ತುಂಡು ಕೈಗಿತ್ತರು. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಅಷ್ಟು ಚಿಕ್ಕ ತುಂಡು ಇಟ್ಟರೆ ಅಲೆ ಸುತ್ತಿ ಬಳಸಿ ಫೋನಿಗೆ ಬಂದೇ ಬರುತ್ತದೆ, ಏನೂ ತಿಳಿಯುವುದಿಲ್ಲ. ಪೂರ್ತಿ ಕಿಟಕಿಯಗಲದ ಹಲಗೆ ಕೊಟ್ಟರೆ ನೋಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಅಡುಗೆಮನೆಗೆ ಸಾದಾ ಗಾಜು, ಬಿಸಿಲಿಗೆ ದಪ್ಪ ಬಟ್ಟೆಯ ಪರದೆ ಅಂತ ಆರ್ಡರ್ ಕೊಟ್ಟು ಬಂದೆ.